ಸಪ್ತಮಿಯ ಸಮುದ್ರ

"ಇನ್ನೊಮ್ಮೆ ಓದ್ರಿ," ಎಂದರು ಜಾನಕಿಬಾಯಿ. "ಸಾವಕಾಶ ಓದ್ರಿ. ನಡುವ ಏನೂ ಬಿಡಬ್ಯಾಡ್ರಿ."

ನಾಗವೇಣಿ ಕನ್ನಡಕ ಸರಿಮಾಡಿಕೊಂಡು, ಕರಾವಳಿಯ ಠಾಣೆಯಿಂದ ಬಂದ ಹೇಳಿಕೆಯ ನಕಲನ್ನು ಮತ್ತೆ ಮೊದಲಿನಿಂದ ಓದಿದಳು.

"'ಬೆಳಿಗ್ಗೆ ಆರೂವರೆಗೆ ಬಾಡ ಊರಿನಿಂದ ಕುಮಟಾ ಕಡೆಗೆ ದಂಡೆಗುಂಟ ನಡೆಯುತ್ತಾ ಹೊರಟೆವು. ಏಳರ ಸುಮಾರಿಗೆ ಶ್ರೀವಲ್ಲಿಯವರು ಸಮುದ್ರಸ್ನಾನ ಮಾಡುತ್ತೇನೆಂದು ಹೇಳಿ, ಬೂಟು ಬಿಚ್ಚಿ, ಚೀಲವನ್ನು ಮರಳಿನ ಮೇಲಿಟ್ಟು ನೀರಿಗಿಳಿದರು. ಸೊಂಟಮಟ್ಟ ಹೋದಾಗ ದೊಡ್ಡ ಅಲೆ ಬಂತು. ಆಮೇಲೆ ಅವರು ನನಗೆ ಕಾಣಲಿಲ್ಲ.'"

ಹೇಳಿಕೆಯ ಕೆಳಗೆ ಮಂಜುಳಾಳ ಸಹಿ ಇತ್ತು.

ಮಾನ್ವಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ಶ್ರೀವಲ್ಲಿ, ಗೆಳತಿ ಮಂಜುಳಾ ಜೊತೆ ಕರಾವಳಿಯ ಹಳೆಯ ಬಂದರು ಊರುಗಳನ್ನು ನೋಡಲು ಹೋಗಿ ಸಮುದ್ರದ ಪಾಲಾದಳೆಂಬ ಸುದ್ದಿ ರಾಯಚೂರಿನ ಈ ತವರುಮನೆಗೆ ಬಂದು ಹತ್ತೊಂಬತ್ತು ದಿನವಾಗಿತ್ತು. ದೇಹ ಸಿಕ್ಕಿರಲಿಲ್ಲ.

"ಇಷ್ಟು ದಿನ ನಿಮಗ ಯಾರೂ ಇದನ್ನ ಓದಿ ಹೇಳಿದ್ದಿಲ್ಲೇನ್ರಿ?" ನಾಗವೇಣಿ ಕೇಳಿದಳು.

"ಅಲಿ ಎಳಕೊಂಡು ಹೋತು ಅಂದ್ರು. ಅಷ್ಟ. ತಾಯಿಗೆ ಯಾಕ ಸಂಕಟ ಅಂತ ನನ್ನ ಮಗ ವಿಶ್ವೇಶ ಉಳದದ್ದು ನುಂಗಿಬಿಟ್ಟ." ಜಾನಕಿಬಾಯಿ ಮಣೆಯ ಮೇಲೆ ಗೋಡೆಗೆ ಒರಗದೆ ಕೂತಿದ್ದರು. ಅಂದು ಏಕಾದಶಿ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲೂ ಅವರು ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ತುಟಿ ಒಣಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಅದು ಯಾವ ತಿಥಿ?"

"ಇಪ್ಪತ್ತಾರನೇ ತಾರೀಖು, ನವೆಂಬರ್."

"ತಾರೀಖು ತಗೊಂಡು ಏನು ಮಾಡ್ಲಿ. ಆ ಮೊಳಿಗೆ ಪಂಚಾಂಗ ಅದ, ತಗೀರಿ."

ನಾಗವೇಣಿ ಎದ್ದು ಪಂಚಾಂಗ ತೆಗೆದು ಪುಟ ತಿರುವಿದಳು. ಮಾರ್ಗಶಿರ ಶುದ್ಧ ಸಪ್ತಮಿಯ ಮುಂಜಾನೆ ಎಂದು ಓದಿ ಹೇಳಿದಳು.

ಜಾನಕಿಬಾಯಿ ಮಡಿಸೀರೆಯ ಸೆರಗನ್ನು ಬಿಗಿಮಾಡಿಕೊಂಡರು.

"ಹಂಗಾದ್ರ ಇದು ಸುಳ್ಳು."

"ಯಾಕ್ರಿ?"

"ಸಮುದ್ರ ಕಂಡ ಕಂಡ ದಿನ ಮುಟ್ಟೂದಲ್ಲ. ಅಮಾವಾಸ್ಯಿ, ಹುಣ್ಣಿವಿ, ಗ್ರಹಣ, ಹಿಂಥಾ ಪರ್ವಕಾಲಕ್ಕ ಅಷ್ಟ ಸ್ನಾನ. ಉಳದ ದಿನ ದೂರ ನಿಂತು ಕೈ ಮುಗಿಯೂದು. ನಮ್ಮ ಮನಿಯೊಳಗ ಕೂಸಿಗೂ ಗೊತ್ತು. ನನ್ನ ಮಗಳು ಸಪ್ತಮಿ ದಿನ ಸಮುದ್ರಕ್ಕ ಇಳಿಯಂಗಿಲ್ಲ."

ನಾಗವೇಣಿ ಇಪ್ಪತ್ತಾರು ವರ್ಷ ಮಹಿಳಾ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವಳು. ಸ್ವಯಂ ನಿವೃತ್ತಿ ಪಡೆದು, ಈಗ ಕಳೆದುಹೋದವರನ್ನು ಹುಡುಕಿಕೊಡುವ ಕೆಲಸ ಮಾಡುತ್ತಿದ್ದಳು. ತಾಯಂದಿರು 'ನನ್ನ ಮಗಳು ಹಂಗ ಮಾಡಂಗಿಲ್ಲ' ಎನ್ನುವುದನ್ನು ಅವಳು ನೂರಾರು ಸಲ ಕೇಳಿದ್ದಳು. ಹೆಚ್ಚಿನ ಸಲ ಮಗಳು ಹಾಗೇ ಮಾಡಿರುತ್ತಿದ್ದಳು.

"ಅಮ್ಮಾರ, ಬೂಟು ಹಾಕ್ಕೊಂಡು ಊರೂರು ತಿರಗಾಕ ಹೋದ ಹೆಣಮಗಳು. ತಿಥಿ ನೋಡಿ ನೀರಿಗೆ ಇಳೀತಾಳ ಅಂತೀರೇನು?"

"ಬೂಟಿಗೆ ತಿಥಿ ಇಲ್ಲ. ಸಮುದ್ರಕ್ಕ ಅದ."

ನಾಗವೇಣಿಗೆ ನಗು ಬಂತು. ಮುದುಕಿ ನಗಲಿಲ್ಲ.

"ಒಂಬತ್ತು ವರ್ಷದಾಕಿ ಇದ್ದಾಗ ಉಡುಪಿಗೆ ಹೋಗಿದ್ವಿ. ದ್ವಾದಶಿ ಪಾರಣಿ ಮುಗಿಸಿ ಮಲ್ಪೆಗೆ ಹೋದ್ರ, ಉಳದ ಹುಡುಗ್ರೆಲ್ಲ ನೀರಾಗ ಬಿದ್ದು ಕುಣೀಲಿಕ್ಕತ್ತಿದ್ವು. ಇಕಿ ಮರಳಿನ ಮ್ಯಾಲೆ ಕೈ ಕಟಗೊಂಡು ಕೂತಳು. ನಾನೇ ಅಂದೆ, ಹೋಗವ್ವಾ, ಸಣ್ಣಾಕಿ ಇದ್ದಿ, ನಡೀತದ ಅಂತ. ಒಲ್ಲೆ ಅಂದ್ಲು. 'ನೀ ಹೇಳಿದ್ದು ಖರೇ ಇದ್ರ ಎಲ್ಲಾರಿಗೂ ಖರೇ ಇರಬೇಕು' ಅಂದ್ಲು. ಅಂಥಾ ಮೊಂಡ ಅಕಿ."

ನಾಗವೇಣಿ ಟೀಪಾಯಿಯ ಮೇಲಿದ್ದ ಚೀಲವನ್ನು ಹತ್ತಿರ ಎಳೆದುಕೊಂಡಳು. ಮರಳಿನ ಮೇಲೆ ಸಿಕ್ಕಿದ್ದ ಚೀಲ. ಪೊಲೀಸರು ವಿಶ್ವೇಶನ ಕೈಗೆ ಕೊಟ್ಟಿದ್ದರು. ಒಳಗೆ ಫೋನು, ಕೊಬ್ಬರಿ ಎಣ್ಣೆಯ ಸಣ್ಣ ಸೀಸೆ, ಅವಲಕ್ಕಿ ಕಟ್ಟಿದ ಬಟ್ಟೆ, ಒಂದು ನೂರು ಪುಟದ ನೋಟುಬುಕ್ಕು. ಅದನ್ನು ಅವಳು ನಿನ್ನೆ ಒಮ್ಮೆ ಓದಿದ್ದಳು. ಹಾದಿಯ ಟಿಪ್ಪಣಿ ಎಂದು ಬೇಗ ಬೇಗ ಪುಟ ಮಗುಚಿದ್ದಳು. ಈಗ ಮತ್ತೆ ತೆರೆದಳು.

'ಗೋಕರ್ಣ. ಚೌತಿ. ಗುಡ್ಡ ಹತ್ತಿ ಇಳಿದರೆ ಒಂದು ದಂಡೆ, ಮತ್ತೆ ಗುಡ್ಡ, ಮತ್ತೆ ದಂಡೆ. ಮಂಜುಳಾ ಮೊಣಕಾಲತನಕ ಇಳಿದಳು. ನನಗೆ ಇನ್ನು ಹನ್ನೊಂದು ದಿನ.'

'ಪಂಚಮಿ. ತದಡಿಯಿಂದ ದೋಣಿಯಲ್ಲಿ ಅಘನಾಶಿನಿ. ಬೂಟು ಕಚ್ಚುತ್ತಿದೆ.'

'ಷಷ್ಠಿ. ಒಂದೇ ಸ್ಟೇಷನ್ನಿನ ಟಿಕೆಟ್ಟು ಕೇಳಿದರೆ ಕೌಂಟರಿನವನು ಎರಡು ಸಲ ಕೇಳಿದ. ಮಿರ್ಜಾನ್ ಕೋಟೆ. ಇಲ್ಲಿಂದ ಮೆಣಸು ಹಡಗು ಏರುತ್ತಿತ್ತು. ಈಗ ಬಾವಿಯ ಮೆಟ್ಟಿಲ ಮೇಲೆ ಆಡು ಮಲಗಿವೆ.'

ನಿನ್ನೆ 'ಇನ್ನು ಹನ್ನೊಂದು ದಿನ' ಎಂಬುದು ಅವಳಿಗೆ ಅರ್ಥವಾಗಿರಲಿಲ್ಲ. ಚೌತಿಗೆ ಹನ್ನೊಂದು ಕೂಡಿಸಿದರೆ ಹುಣ್ಣಿಮೆ. ಹುಣ್ಣಿಮೆಯ ದಿನ ಸಮುದ್ರ ಮುಟ್ಟಬಹುದು. ಅದಕ್ಕಾಗಿ ಶ್ರೀವಲ್ಲಿ ದಿನ ಎಣಿಸುತ್ತಿದ್ದಳು.

ಆದರೆ ಶಾಲೆಗೆ ಅವಳು ಹಾಕಿದ್ದು ಎಂಟೇ ದಿನದ ರಜೆ. ಹುಬ್ಬಳ್ಳಿಯಿಂದ ಗುಂತಕಲ್ ಮೇಲೆ ರಾಯಚೂರಿಗೆ ಬರುವ ಟಿಕೆಟ್ಟು ದಶಮಿಗೇ ಇತ್ತು. ಹುಣ್ಣಿಮೆಯ ದಿನ ಅವಳು ಮಾನ್ವಿಯ ತರಗತಿಯಲ್ಲಿ ನಿಂತಿರಬೇಕಿತ್ತು.

ನಾಗವೇಣಿ ನೋಟುಬುಕ್ಕು ಮುಚ್ಚಿದಳು. ಈ ಹೆಂಗಸು ವಾಪಸು ಬರುವ ಲೆಕ್ಕದಲ್ಲೇ ಹೊರಟಿರಲಿಲ್ಲ.

"ಅಮ್ಮಾರ, ಶುಕ್ರವಾರ ಅಮಾಸಿಗೆ ಇಟ್ಟ ಕರ್ಮ ಮುಂದ ಹಾಕಾಕ ಬರತದೇನು?"

"ಜಯಸಿಂಹ ಕೇಳಂಗಿಲ್ಲ." ಜಯಸಿಂಹ ಎಂದರೆ ಅಳಿಯ, ಮಾನ್ವಿಯಲ್ಲಿ ವಕೀಲ. "ಹೋದ ವಾರ ಇನ್ನೊಮ್ಮೆ ಸಮುದ್ರದ ಕಡೆ ಹೋಗಿ ಹುಡುಕಿ ಬಂದ. ಬುಧವಾರ ತಿರುಗಿ ಬಂದಾವನ ಆಚಾರ್ಯರನ್ನ ಕಂಡು ಅಮಾವಾಸ್ಯಿ ಗೊತ್ತು ಮಾಡಿಸಿದ. ಕಳಕೊಂಡವ್ರಿಗೆ ಹನ್ನೆರಡು ವರ್ಷ ಕಾಯಬೇಕು. ಕಣ್ಣಿಲೆ ಕಂಡವ್ರು ಇದ್ದಾರ, ಮುಳುಗಿದ್ದು ನೋಡ್ಯಾರ ಅಂದ್ರ ಕಾಯೂದು ಬೇಕಿಲ್ಲ. ದರ್ಭಿ ಹುಲ್ಲಿನ ಬೊಂಬಿ ಮಾಡಿ, ಚಾದರದಾಗ ಸುತ್ತಿ, ಕೃಷ್ಣಾ ದಂಡಿಮ್ಯಾಲೆ ಇಟ್ಟು, ಕೊಳ್ಳಿ ಇಡೂದು."

"ಆಮ್ಯಾಲ ಅಕಿ ಬಂದ್ರ?"

"ಬಂದ್ರ ಯಾರ ಮನಿಗೆ ಬರತಾಳ? ತಿಥಿ ಊಟ ಆದ ಮ್ಯಾಲೆ?" ಜಾನಕಿಬಾಯಿ ಮೊದಲ ಬಾರಿಗೆ ಗೋಡೆಗೆ ಒರಗಿದರು. "ಇದ್ದ ಮಗಳನ್ನ ಸುಡಲಿಕ್ಕೆ ನಾ ಬಿಡಂಗಿಲ್ಲ. ಸತ್ತಿದ್ರ ಸತ್ತಾಳ ಅಂತ ಹೇಳಿಬಿಡ್ರಿ, ಸುಮ್ಮನಾಗ್ತೀನಿ. ಶುಕ್ರವಾರದೊಳಗ ಹೇಳ್ರಿ."

*

ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಗಬ್ಬೂರು ದಾಟಿದ ಮೇಲೆ ಹತ್ತಿ ಬಿಡಿಸುವವರು ಸಾಲಾಗಿ ಬಗ್ಗಿದ್ದರು. ನಾಗವೇಣಿ ತೊಡೆಯ ಮೇಲಿನ ನೋಟುಬುಕ್ಕು ನೋಡುತ್ತಾ ಕೂತಳು.

ಅವಳೂ ಒಮ್ಮೆ ಸಮುದ್ರಕ್ಕೆ ಹೋಗಿದ್ದಳು. ಯಾವುದೋ ಉತ್ಸವದ ಬಂದೋಬಸ್ತಿಗೆ. ಜನರನ್ನು ನೋಡಿಕೊಳ್ಳಬೇಕಾಗಿದ್ದರಿಂದ ಎಂಟು ತಾಸು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದಳು. ಸದ್ದು ಕೇಳಿದ್ದಳು, ಒದ್ದೆ ಗಾಳಿ ಕುತ್ತಿಗೆಗೆ ತಾಗಿತ್ತು. ಡ್ಯೂಟಿ ಮುಗಿದಾಗ ಕತ್ತಲಾಗಿತ್ತು, ವ್ಯಾನು ತಯಾರಿತ್ತು. ತಿರುಗಿ ನೋಡಬಹುದಿತ್ತು. ನೋಡಬೇಕೆಂದು ಅನ್ನಿಸಲೇ ಇಲ್ಲ. ಈಗ ಐವತ್ಮೂರರಲ್ಲಿ, ತಾನು ಯಾಕೆ ತಿರುಗಲಿಲ್ಲ ಎಂದು ಕೇಳಿಕೊಂಡಳು. ಯಾರೂ ಬೇಡ ಅಂದಿರಲಿಲ್ಲ.

ಮಂಜುಳಾಳ ಮನೆ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ. ಅಂಗಳದಲ್ಲಿ ಅವಳ ತಾಯಿ ಗದ್ದೆಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಮತ್ತ ಪೊಲೀಸ್ರು ಬಂದ್ರು ನೋಡು," ಎಂದಳು ಗದ್ದೆಮ್ಮ ತಲೆ ಎತ್ತದೆ.

"ನಾನು ಈಗ ಪೊಲೀಸಲ್ಲ ಯವ್ವಾ."

"ಬೂಟು ಬಿಟ್ರೂ ನಡಿಗಿ ಬಿಟ್ಟಿಲ್ಲ ಬಿಡು. ಕುಂದ್ರು. ನೀರು ಕುಡೀತಿಯೇನು?"

ಮಂಜುಳಾ ಒಳಗಿನಿಂದ ತಂಬಿಗೆ ತಂದಳು. ನಲವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಕುತ್ತಿಗೆಗೆ ಅಳತೆ ಟೇಪು. ಮೊದಲು ಮಾನ್ವಿಯಲ್ಲಿ ಹುಡುಗಿಯರ ಹಾಸ್ಟೆಲ್ಲೊಂದರ ಅಡುಗೆ ನೋಡಿಕೊಳ್ಳುತ್ತಿದ್ದಳು. ಶ್ರೀವಲ್ಲಿಯೂ ಅವಳೂ ಆರು ವರ್ಷ ದಿನಾ ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ, ಭತ್ತದ ಗದ್ದೆಗಳ ನಡುವೆ ಜೊತೆಯಾಗಿ ನಡೆದವರು.

"ಏನಾತು ಅಂತ ಇನ್ನೊಮ್ಮೆ ಹೇಳವ್ವಾ," ಎಂದಳು ನಾಗವೇಣಿ.

ಮಂಜುಳಾ ಹೇಳಿದಳು. ಆರೂವರೆಗೆ ಬಾಡ ಬಿಟ್ಟಿದ್ದು. ಏಳಕ್ಕೆ ಸಮುದ್ರಸ್ನಾನ. ಬೂಟು, ಚೀಲ, ಸೊಂಟಮಟ್ಟ ನೀರು, ದೊಡ್ಡ ಅಲೆ. ಹೇಳಿಕೆಯ ಒಂದು ಅಕ್ಷರವೂ ಆಚೀಚೆ ಆಗಲಿಲ್ಲ. ನಿಜವಾಗಿ ಕಂಡವರು ಪ್ರತಿ ಸಲ ಏನಾದರೊಂದು ಮರೆಯುತ್ತಾರೆ, ಮತ್ತೊಂದನ್ನು ನೆನಪಿಸಿಕೊಳ್ಳುತ್ತಾರೆ.

"ಗೋಕರ್ಣದಾಗ ನೀ ಮೊಣಕಾಲತನಕ ನೀರಿಗೆ ಇಳದಿದ್ದಿ."

ಮಂಜುಳಾ ಚಕಿತಳಾದಳು. "ಹೌದ್ರಿ."

"ಅಕಿ ಯಾಕ ಇಳೀಲಿಲ್ಲ?"

"ತಂಪಿತ್ರಿ."

"ಮೂರು ದಿನಕ್ಕ ನೀರು ಬಿಸಿ ಆತೇನು?"

ಅಂಗಳದಲ್ಲಿ ಮೊರದ ಸದ್ದು ನಿಂತಿತು.

"ಮಂಜುಳಾ, ಅಕಿ ಹುಣ್ಣಿವಿ ದಿನ ಬಿಟ್ಟು ಸಮುದ್ರ ಮುಟ್ಟಾಕಿ ಅಲ್ಲ. ಅವರ ಮನಿಯಾಗ ಆ ನೇಮ ಅದ. ಅಕಿ ಕೈಬರಹದಾಗ ದಿನ ಎಣಿಸಿ ಬರದಾಳ, ಇಲ್ಲಿ ಅದ ನೋಡು." ನಾಗವೇಣಿ ಪುಟ ತೆರೆದಿಟ್ಟಳು. "ಸ್ನಾನ ಅಂತ ನೀ ಯಾಕ ಹೇಳಿದಿ? ಬಂಡೆಗಲ್ಲಿನ ಮ್ಯಾಲಿಂದ ಕಾಲು ಜಾರಿತು ಅಂದಿದ್ರ ನಾನು ಇಲ್ಲಿಗೆ ಬರತಿರಲಿಲ್ಲ."

ಮಂಜುಳಾ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನೂ ಅದನ್ನ ಅಂದೆ ಅಕ್ಕಗ."

"ಯಾರಿಗೆ?"

"ಶ್ರೀವಲ್ಲಿ ಅಕ್ಕಗ. ಬಂಡೆಗಲ್ಲಿನ ಮ್ಯಾಲಿಂದ ಜಾರಿದ್ರು ಅಂತ ಹೇಳ್ತೀನಿ ಅಂದೆ. ಬ್ಯಾಡ, ಸ್ನಾನಕ್ಕ ಇಳದ್ಲು ಅಂತನ ಹೇಳು ಅಂದ್ರು. ಹಿಂಗ ಹೇಳಿದ್ರ ನಮ್ಮವ್ವಗ ಒಬ್ಬಾಕಿಗೆ ತಿಳೀತದ, ಅಕಿ ಅಳಂಗಿಲ್ಲ ಅಂದ್ರು."

ನಾಗವೇಣಿಗೆ ರಾಯಚೂರಿನ ಆ ಮಣೆ ನೆನಪಾಯಿತು. ತಾಯಿಗೆ ಸಂಕಟವಾಗಬಾರದೆಂದು ಮನೆಯವರು ಬಿಟ್ಟುಬಿಟ್ಟಿದ್ದ ಆ ಎರಡು ಸಾಲೇ ತಾಯಿಗೆಂದು ಬರೆಸಿದ್ದ ಪತ್ರವಾಗಿತ್ತು. ಅದು ಮುಟ್ಟಲು ಹತ್ತೊಂಬತ್ತು ದಿನ ಹಿಡಿಯಿತು.

"ಅಕಿ ಎಲ್ಲಿ ಹೋದ್ಲು?"

"ಕುಮಟಾದಾಗ ರೈಲು ಹತ್ತಿದ್ರು. ಹೊನ್ನಾವರಕ್ಕ. ಅಲ್ಲಿಂದ ನಡಕೋತ, ಮತ್ತ ಒಂದೆರಡು ಸ್ಟೇಷನ್ ರೈಲಿನಾಗ, ಮತ್ತ ನಡಕೋತ. ಹಳೇ ಬಂದರ ಇದ್ದ ಊರೆಲ್ಲ ಮುಗಿಸಿ, ದಕ್ಷಿಣ ತುದಿಗೆ ಯಾವುದಾರ ಸಾಲ್ಯಾಗ ಕೆಲಸ ಹಿಡೀತೀನಿ ಅಂದ್ರು."

"ಯಾಕ? ಹೊಡೀತಿದ್ನೇನು ಗಂಡ?"

"ಇಲ್ರಿ. ಒಂದು ಮಾತು ಜೋರಿಲೆ ಆಡಿದಾವ್ರಲ್ಲ." ಮಂಜುಳಾ ಶಬ್ದ ಹುಡುಕಿದಳು. "ನಾವು ಕಾಲವಿಮ್ಯಾಲ ನಡೀತಿದ್ವಲ್ಲ, ಹಿಂದ ಗಾಡಿ ತಗೊಂಡು ಬರ್ತಿದ್ರು. ಕಾಲವಿ ದಾಟಾಕ ಇದ್ದ ಒಂದೊಂದು ಪುಲ್ ಹತ್ತಿರ ನಿಂತು ಗಡಿಯಾರ ನೋಡ್ತಿದ್ರು. ನಾವು ದಾಟಿದ ಮ್ಯಾಲೆ ಮುಂದಿನ ಪುಲ್‌ಗೆ ಹೋಗಿ ನಿಂದರತಿದ್ರು. ಆರು ವರ್ಷ. ಏನೂ ಅಂತಿದ್ದಿಲ್ಲ. ಮನಿಗೆ ಹೋದ ಮ್ಯಾಲೆ, ಇವತ್ತು ಮೂರನೇ ಪುಲ್‌ಗೆ ನಾಕು ನಿಮಿಷ ತಡ ಆತು, ಯಾರ ಜೋಡಿ ಮಾತಾಡಿದಿ ಅಂತ ಕೇಳ್ತಿದ್ರಂತ. ಅಷ್ಟ."

ನಾಗವೇಣಿ ಬರೆದುಕೊಳ್ಳುತ್ತಿದ್ದವಳು ಪೆನ್ನು ಕೆಳಗಿಟ್ಟಳು. ಠಾಣೆಯಲ್ಲಾಗಿದ್ದರೆ ಇದಕ್ಕೆ ಯಾವ ಕಲಮೂ ಸಿಗುತ್ತಿರಲಿಲ್ಲ.

"ಆ ಮನಶ್ಯಾನ ಜೋಡಿ ನಾನಾಗಿದ್ರ ಮೊದಲನೇ ಪುಲ್‌ನಾಗ ಕಾಲವಿಗೆ ದಬ್ಬತಿದ್ದೆ," ಎಂದಳು ಗದ್ದೆಮ್ಮ ಅಂಗಳದಿಂದ.

"ನೀ ಸುಮ್ಕಿರು ಬೇ."

"ಅಕಿ ಫೋನ್ ಮಾಡಿದ್ಲೇನು?" ನಾಗವೇಣಿ ಕೇಳಿದಳು.

"ಮೂರು ಸಲ. ಯಾರ್ಯಾರದೋ ಫೋನ್ ಇಸಗೊಂಡು. ಮೊದಲು ಹೊನ್ನಾವರದಿಂದ. ಆಮ್ಯಾಲ ಹುಣ್ಣಿವಿ ದಿನ ಭಟ್ಕಳದಿಂದ." ಮಂಜುಳಾಳ ಮುಖ ಒಂದು ಕ್ಷಣ ಬದಲಾಯಿತು. "ಅವತ್ತು ಬಾಳ ಖುಷಿ ಇದ್ರು. ಇಳದೆ ಮಂಜಿ, ಉಪ್ಪು ಕಣ್ಣಾಗ ಹೋತು, ಉರಿಯಾಕತ್ತದ ಅಂದ್ರು. ನಗತಿದ್ರು. ಎರಡು ದಿನ ಬಿಟ್ಟು ಬೈಂದೂರಿನಿಂದ ಮಾಡಿದ್ರು. ಕಾಲು ಊದ್ಯಾವ, ನಾಕು ದಿನ ಇಲ್ಲೇ ಇರತೀನಿ, ಸ್ಟೇಷನ್ ಹತ್ತಿರ ಒಂದು ಮನ್ಯಾಗ ಇಟಗೊಂಡಾರ ಅಂದ್ರು."

"ಆಮ್ಯಾಲ?"

"ಇಲ್ಲ. ಒಂಬತ್ತು ದಿನ ಆತು."

ನಾಗವೇಣಿ ಕಾದಳು. ಇನ್ನೂ ಏನೋ ಇದೆ ಎಂಬುದು ಆ ಟೇಪು ಬೆರಳಿಗೆ ಬಿಗಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಶುಕ್ರವಾರ ಅಮಾಸಿಗೆ ಕೃಷ್ಣಾ ದಂಡಿಮ್ಯಾಲ ದರ್ಭಿ ಬೊಂಬಿ ಮಾಡಿ, ಚಾದರದಾಗ ಸುತ್ತಿ, ಅಕಿ ಹೆಸರಿಲೆ ಸುಡತಾರ," ಎಂದಳು. "ನಿನ್ನ ಸಹಿ ಇದ್ದದ್ದಕ್ಕ ಸುಡತಾರ. ಅಕಿ ಜೀವಂತ ಅದಾಳ ಅಂತ ನೀ ನನ್ನ ಜೋಡಿ ಬಂದು ಹೇಳಿದ್ರ ಅದು ನಿಂದರತದ. ಏನು ಮುಚ್ಚಿಟ್ಟಿ ಹೇಳು."

"ಜಯಸಿಂಹ ಸರ್ ಬಂದಿದ್ರು."

"ಯಾವಾಗ?"

"ಅಕ್ಕ ಬೈಂದೂರಿನಿಂದ ಫೋನ್ ಮಾಡಿದ ಮರುದಿನ. ಹೇಳಿಕಿ ನಕಲು ಸಿಕ್ಕದ ಅಂತ ಕೈಯಾಗ ಹಿಡಕೊಂಡು ಬಂದಿದ್ರು. ನೀವು ಕುಂತೀರಲ್ಲ, ಆ ಕುರ್ಚಿಮ್ಯಾಲ ಕುಂತು ನೀವು ಕೇಳಿದ್ದನ್ನ ಕೇಳಿದ್ರು. ಸಪ್ತಮಿ ದಿನ ಹೆಂಗ ಇಳದ್ಲು ಅಂತ."

ಅಂಥದ್ದೇ ಮನೆತನ, ಅದೇ ಪಂಚಾಂಗ. ತಾಯಿಗೆ ತಿಳಿಯುವುದು ಗಂಡನಿಗೂ ತಿಳಿಯುತ್ತದೆ ಎಂಬುದನ್ನು ಶ್ರೀವಲ್ಲಿ ಯೋಚಿಸಿರಲಿಲ್ಲ. ಅಥವಾ ಮದುವೆಯಾಗಿ ಇಪ್ಪತ್ತಮೂರು ವರ್ಷ ಗಡಿಯಾರವನ್ನೇ ನೋಡುತ್ತಿದ್ದ ಮನುಷ್ಯ ಪಂಚಾಂಗ ನೋಡಲಾರ ಎಂದುಕೊಂಡಿದ್ದಳೋ ಏನೋ.

"ನೀ ಹೇಳಿಬಿಟ್ಟಿ."

"ಸುಳ್ಳು ಹೇಳಿಕಿಗೆ ಜೇಲು ಆಗತದ ಅಂದ್ರು. ಅವ್ವನ ಮಾರಿ ನೋಡಿ ಅಂದ್ರು. ಕರಕೊಂಡು ಬರಂಗಿಲ್ಲ, ಜೀವಂತ ಅದಾಳ ಅಂತ ಗೊತ್ತಾದ್ರ ಸಾಕು ಅಂದ್ರು." ಮಂಜುಳಾ ತಲೆ ಎತ್ತಲಿಲ್ಲ. "ಹೇಳಿದೆ. ಊರೂ ಹೇಳಿದೆ. ಯಾರ್ಯಾರಿಗೆ ಗೊತ್ತದ ಅಂತ ಕೇಳಿದ್ರು. ನನಗೊಬ್ಬಾಕಿಗೆ ಅಂದೆ. ಚಹಾ ಪೂರ್ತಿ ಕುಡದು, ಕಪ್ ತೊಳದಿಟ್ಟು ಹೋದ್ರು."

"ಆ ಬೈಂದೂರಿನ ಫೋನ್ ನಂಬರ್ ಅದ ಏನು?"

"ಅದ. ಒಮ್ಮಿ ಹಚ್ಚಿದ್ದೆ, ಅಂಜಿಕಿ ಆಗಿ ಕಟ್ ಮಾಡಿದೆ."

ನಾಗವೇಣಿ ಅವಳ ಫೋನಿನಿಂದಲೇ ಕರೆ ಮಾಡಿ ಸ್ಪೀಕರಿಗೆ ಹಾಕಿದಳು. ನಾಲ್ಕನೆಯ ರಿಂಗಿಗೆ ಒಬ್ಬ ಗಂಡಸು ಎತ್ತಿದ. ಹಿಂದೆ ಚಹಾದ ಲೋಟಗಳ ಸದ್ದು.

"ಹೋಯ್, ಯಾರ್?"

"ರಾಯಚೂರಿನಿಂದ ಮಾತಾಡಾಕತ್ತೀನ್ರಿ. ಎಂಟೊಂಬತ್ತು ದಿನದ ಹಿಂದ ಒಬ್ಬ ಟೀಚರ್ ನಿಮ್ಮ ಫೋನಿಂದ ಮಾತಾಡಿದ್ರು. ಕಾಲು ಊದಿತ್ತು."

"ಅವ್ರಾ. ಅವ್ರ್ ಹೋಯಿ ಒಂದ್ ವಾರ ಆಯ್ತಲೆ. ಹ್ವಾದ ಸೋಮವಾರ ಗಂಡ ಬಂದಿದ್ರ್. ಪಾಪ, ಚೀಲ ಎಲ್ಲ ಅವ್ರೇ ಹೊತ್ಕಂಡ್ರ್."

"ಯಾವ ರೈಲಿಗೆ ಹೋದ್ರು?"

"ರೈಲಲ್ಲ, ಕಾರ್ ತಂದಿದ್ರ್. ಟೀಚರಮ್ಮ ರೈಲಲ್ಲೇ ಬತ್ತೆ ಅಂದ್ರ್, ಗಂಡ ಕೇಣ್ಲಿಲ್ಲ. ಯಾಕೆ, ಇನ್ನೂ ಊರಿಗ್ ಬರ್ಲಿಲ್ಯಾ?"

ನಾಗವೇಣಿ ಕರೆ ಮುಗಿಸಿದಳು.

ಸೋಮವಾರ ಕಾರು. ಬುಧವಾರ ಆಚಾರ್ಯರ ಮನೆಯಲ್ಲಿ ಅಮಾವಾಸ್ಯೆಯ ಮಾತು. ನಡುವೆ ಎರಡು ದಿನ. ಪೊಲೀಸರ ಕಾಗದದಲ್ಲಿ ಶ್ರೀವಲ್ಲಿ ಸತ್ತಿದ್ದಾಳೆ, ಶುಕ್ರವಾರದ ನಂತರ ಮನೆಯ ಲೆಕ್ಕದಲ್ಲೂ ಸತ್ತಿರುತ್ತಾಳೆ. ಆಮೇಲೆ ಅವಳನ್ನು ಯಾರೂ ಹುಡುಕುವುದಿಲ್ಲ.

"ಮಾನ್ವಿ ಬಸ್ ಎಷ್ಟಕ್ಕದ?" ಎಂದು ಕೇಳುತ್ತಾ ಎದ್ದಳು.

ಮಂಜುಳಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ಎರಡೂವರಿಗೆ. ನಾನೂ ಬರತೀನಿ. ಆ ಬೊಂಬಿ ಸುಡಾದು ನಿಂದ್ರಸೂಣು."

ಗದ್ದೆಮ್ಮ ಮೊರವನ್ನು ಬದಿಗಿಟ್ಟು, ಮೊಣಕಾಲ ಮೇಲೆ ಕೈಯೂರಿ ನಿಧಾನ ಎದ್ದು ನಿಂತಳು. ಮಗಳನ್ನಲ್ಲ, ನಾಗವೇಣಿಯನ್ನು ನೋಡಿ ಕೇಳಿದಳು.

"ಶುಕ್ರಾರ ಆ ಚಾದರದಾಗ ಸುತ್ತಿ ತರಾದು ಬರೇ ಹುಲ್ಲು ಅಂತ ನಿಮಗ ಯಾರು ಹೇಳ್ಯಾರವ್ವಾ?"